ಅಡುಗೆಮನೆ ಮೇಜಿನ ಮೇಲೆ ಮೆಕ್ಕೆಜೋಳದ ಲೆಕ್ಕ

ಫೆಬ್ರುವರಿ ತಿಂಗಳು. ಅಮೆರಿಕದ ಅಯೋವಾ ರಾಜ್ಯದ ಹೊಲಗಳ ಮೇಲೆ ಮೊಣಕಾಲುದ್ದ ಹಿಮ. ಬಿತ್ತನೆಗೆ ಇನ್ನೂ ಎರಡು ತಿಂಗಳಿತ್ತು. ಆದರೂ ಆ ರೈತ ದಂಪತಿಯ ಮನೆಯಲ್ಲಿ ಅಂದು ಬೆಳಿಗ್ಗೆ, ಬರುವ ಸುಗ್ಗಿಯ ಮೆಕ್ಕೆಜೋಳದ ಮೊದಲ ಕಂತಿನ ಮಾರಾಟ ನಡೆಯಿತು. ಮೇಜಿನ ಮೇಲೆ ಕಾಫಿ, ಗೊಬ್ಬರದ ಬಿಲ್ಲುಗಳು, ಬ್ಯಾಂಕಿನ ಸಾಲದ ಪತ್ರ, ಮನೆಯೊಡತಿಯ ಲೆಕ್ಕದ ಪುಸ್ತಕ. ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಬಂದು ಕೂತಿದ್ದ ಮೂರನೆಯವನು ಅವರ ಮಾರಾಟ ಸಲಹೆಗಾರ. ಅವನು ಕೇಳಿದ ಮೊದಲ ಪ್ರಶ್ನೆ ‘ರೇಟು ಏರುತ್ತದೆ ಅನ್ನಿಸುತ್ತಾ?’ ಎಂದಲ್ಲ. ‘ಈ ಸಲ ಎಕರೆಗೆ ಎಷ್ಟು ಖರ್ಚು ಬರುತ್ತದೆ?’ ಎಂದು.

ತಂಗಿ ಅಯೋವಾದ ಏಮ್ಸ್ ಊರಿನಲ್ಲಿರುವುದರಿಂದ ಒಂದು ಚಳಿಗಾಲ ನಾನು ಅಲ್ಲಿದ್ದೆ. ಈ ದಂಪತಿ ಅವಳ ಪರಿಚಯದವರು. ದಾವಣಗೆರೆ ಸೀಮೆಯ ಮೆಕ್ಕೆಜೋಳದ ಮನೆಯಲ್ಲಿ ಹುಟ್ಟಿದವನು ನಾನು. ಬೆಳೆಯುವ ಕೆಲಸ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ ಎಂದುಕೊಂಡಿದ್ದೆ. ಮಾರುವ ಕೆಲಸವನ್ನು ಬೇರೆಯೇ ಒಂದು ಕಸುಬಾಗಿ ಕಂಡು, ಅದಕ್ಕೆಂದೇ ಒಬ್ಬನನ್ನು ಮನೆಗೆ ಕರೆಸಿ ಕೂರಿಸಿಕೊಳ್ಳುವುದನ್ನು ನೋಡಿದ್ದು ಅದೇ ಮೊದಲು. ಆ ಸಲಹೆಗಾರನೂ ಅಯೋವಾ ಸೀಮೆಯದೇ ಒಕ್ಕಲು ಮನೆಯ ಮಗ. ಅಮೆರಿಕದ ನಡು ಬಯಲಿನಲ್ಲಿ ಈ ಕಸುಬಿನವರಲ್ಲಿ ಬಹಳ ಮಂದಿ ಹಾಗೇ ಹೊಲದಲ್ಲಿ ಬೆಳೆದವರು. ತಾವು ಒಕ್ಕಲು ಮಕ್ಕಳು ಎಂಬುದನ್ನೇ ಅವರು ಮೊದಲು ಹೇಳಿಕೊಳ್ಳುವುದು. ಅದು ಯಾಕೆ ಮುಖ್ಯ ಎಂದು ತಿಳಿಯಬೇಕಾದರೆ ಅಲ್ಲಿ ಜೋಳಕ್ಕೆ ಬೆಲೆ ಹೇಗೆ ಕಟ್ಟುತ್ತಾರೆ ಎಂಬಲ್ಲಿಂದ ಶುರು ಮಾಡಬೇಕು.

ಅಯೋವಾದ ಯಾವುದೇ ಊರಿನ ಎಲಿವೇಟರ್‌ಗೆ ಹೋಗಿ ನೋಡಿ. ಎಲಿವೇಟರ್ ಎಂದರೆ ಧಾನ್ಯ ಕೊಂಡು, ಒಣಗಿಸಿ, ದಾಸ್ತಾನು ಮಾಡಿ ಮುಂದಕ್ಕೆ ಸಾಗಿಸುವ ಎತ್ತರದ ಗೋದಾಮು. ಲಾರಿ ತೂಕದ ಕಟ್ಟೆ ಹತ್ತುತ್ತದೆ, ಉದ್ದನೆ ಕೊಳವೆಯೊಂದು ಮೇಲಿಂದ ಇಳಿದು ರಾಶಿಯೊಳಗೆ ಚುಚ್ಚಿ ಕಾಳು ಎಳೆದುಕೊಳ್ಳುತ್ತದೆ, ತೇವಾಂಶ ನೋಡುತ್ತಾರೆ. ಸಾಮಾನ್ಯವಾಗಿ ಶೇ 15ಕ್ಕಿಂತ ಹೆಚ್ಚು ಹಸಿಯಿದ್ದರೆ ಕಡಿತ. ಇಲ್ಲಿಯವರೆಗೆ ನಮ್ಮ ಎಪಿಎಂಸಿಯವರಿಗೆ ಹೊಸದೇನೂ ಇಲ್ಲ. ಆದರೆ ಬೆಲೆಯ ಫಲಕದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಷಿಕಾಗೋದ್ದು, ಇನ್ನೊಂದು ಊರಿನದ್ದು.

ಷಿಕಾಗೋ ಬೋರ್ಡ್ ಆಫ್ ಟ್ರೇಡ್ ಶುರುವಾದದ್ದು 1848ರಲ್ಲಿ. ಇಂತಿಷ್ಟು ಜೋಳವನ್ನು ಇಂಥ ತಿಂಗಳು ಇಂಥ ದರಕ್ಕೆ ಕೊಡುತ್ತೇನೆ, ಕೊಳ್ಳುತ್ತೇನೆ ಎಂಬ ಕರಾರು ಅಲ್ಲಿ ದಿನವಿಡೀ ಕೈ ಬದಲಾಗುತ್ತದೆ. ನಮ್ಮಲ್ಲಿ ಇದಕ್ಕೆ ವಾಯಿದಾ ವ್ಯಾಪಾರ ಎನ್ನುತ್ತಾರೆ. ಒಂದು ಕರಾರು 5,000 ಬುಷೆಲ್. ಒಂದು ಬುಷೆಲ್ ಮೆಕ್ಕೆಜೋಳ 25.4 ಕಿಲೊ; ಅಂದರೆ ಒಂದು ಕರಾರಿಗೆ 127 ಟನ್. ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ಡಿಸೆಂಬರ್ ಎಂದು ಐದು ವಾಯಿದೆ. ಏಪ್ರಿಲ್‌–ಮೇನಲ್ಲಿ ಬಿತ್ತಿ ಅಕ್ಟೋಬರ್‌ ಸುಮಾರಿಗೆ ಕೊಯ್ಯುವ ರೈತನಿಗೆ ಹೊಸ ಬೆಳೆಯ ಕನ್ನಡಿ ಡಿಸೆಂಬರ್ ವಾಯಿದೆ. ಫೆಬ್ರುವರಿಯಲ್ಲೇ ಅವನು ತನ್ನ ಇನ್ನೂ ಮೊಳೆಯದ ಜೋಳದ ದರವನ್ನು ಅಲ್ಲಿ ನೋಡಬಲ್ಲ.

ಊರಿನ ಅಂಕಿಗೆ ಬೇಸಿಸ್ ಎನ್ನುತ್ತಾರೆ. ಊರಿನ ಎಲಿವೇಟರ್ ಕೊಡುವ ನಗದು ದರದಿಂದ ಷಿಕಾಗೋ ದರ ಕಳೆದರೆ ಬರುವುದೇ ಬೇಸಿಸ್. ಷಿಕಾಗೋದಲ್ಲಿ 4 ಡಾಲರ್ 60 ಸೆಂಟ್ಸ್ ಇದ್ದು ಊರಲ್ಲಿ 4 ಡಾಲರ್ 30 ಕೊಡುತ್ತಿದ್ದರೆ ಬೇಸಿಸ್ 30 ಸೆಂಟ್ಸ್ ಕಡಿಮೆ. ಈ ಪುಟ್ಟ ಅಂಕಿಯಲ್ಲಿ ಆ ಊರಿನ ಇಡೀ ಭೂಗೋಳ ಅಡಗಿದೆ. ಹತ್ತಿರದಲ್ಲಿ ಎಥೆನಾಲ್ ಕಾರ್ಖಾನೆ ಇದೆಯೇ, ಹಂದಿ ಸಾಕಣೆಯವರು ಎಷ್ಟು ಮಂದಿ, ರೈಲು ಎಷ್ಟು ದೂರ, ಮಿಸಿಸಿಪ್ಪಿ ನದಿಯಲ್ಲಿ ನೀರೆಷ್ಟು, ಎಲ್ಲವೂ. ಒಂದು ದೋಣಿ ಸುಮಾರು 1,500 ಟನ್ ಧಾನ್ಯ ಹೊತ್ತು ದಕ್ಷಿಣದ ಬಂದರಿಗೆ ತೇಲಿ ಹೋಗುತ್ತದೆ. 2022ರ ಶರತ್ಕಾಲದಲ್ಲಿ ನದಿ ಬತ್ತಿ ದೋಣಿಗಳು ಅರೆಬರೆ ಹೊರೆಯಲ್ಲೇ ಹೊರಡಬೇಕಾಯಿತು, ಸಾಗಣೆ ದರ ಏರಿತು. ಷಿಕಾಗೋ ದರ ಇದ್ದ ಹಾಗೇ ಇದ್ದರೂ ನದಿ ದಂಡೆಯ ರೈತನ ಕೈಗೆ ಬರುವ ಕಾಸು ಕಡಿಮೆಯಾಯಿತು. ಷಿಕಾಗೋ ದರವನ್ನು ಜಗತ್ತು ನಿರ್ಧರಿಸುತ್ತದೆ. ಬೇಸಿಸ್ಸನ್ನು ಓದಬೇಕಾದವನು ಊರವನೇ. ಹೊಲದಲ್ಲಿ ಬೆಳೆದ ಸಲಹೆಗಾರನ ಮೊದಲ ಬಂಡವಾಳ ಇದು. ಯಾವ ಎಲಿವೇಟರ್ ಸುಗ್ಗಿ ಮುಗಿದ ಮೇಲೆ ಜೋಳಕ್ಕಾಗಿ ಪರದಾಡುತ್ತದೆ, ಯಾವುದು ಅಕ್ಟೋಬರ್‌ನಲ್ಲಿ ಲಾರಿಗಳ ಸಾಲು ಕಂಡು ದರ ಇಳಿಸುತ್ತದೆ ಎಂಬುದು ಅವನಿಗೆ ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಲಾರಿಯಲ್ಲಿ ಕೂತು ಹೋಗುವಾಗಲೇ ತಿಳಿದಿರುತ್ತದೆ.

ಮತ್ತೆ ಅಡುಗೆಮನೆಯ ಮೇಜಿಗೆ ಬರೋಣ. ಆ ಮನೆಯ ಒಳಲೆಕ್ಕ ಬರೆಯುವುದು ಸರಿಯಲ್ಲ, ಅದಕ್ಕೇ ಅಂಥದೇ ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ. 500 ಎಕರೆ ಮೆಕ್ಕೆಜೋಳ, ಎಕರೆಗೆ 200 ಬುಷೆಲ್ ಇಳುವರಿ (ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 51 ಕ್ವಿಂಟಲ್). ಬೀಜ, ಗೊಬ್ಬರ, ಕಳೆನಾಶಕ, ಡೀಸೆಲ್, ಜೋಳ ಒಣಗಿಸುವ ಗ್ಯಾಸ್, ವಿಮೆ, ಯಂತ್ರದ ಕಂತು, ಹೊಲದ ಗೇಣಿ ಸೇರಿ ಎಕರೆಗೆ 820 ಡಾಲರ್. ಭಾಗಿಸಿದರೆ ಬುಷೆಲ್‌ಗೆ 4 ಡಾಲರ್ 10 ಸೆಂಟ್ಸ್. ಸಲಹೆಗಾರ ಆ ಅಂಕಿಯನ್ನು ದೊಡ್ಡದಾಗಿ ಒಂದು ಹಾಳೆಯ ಮೇಲೆ ಬರೆದು ಮೇಜಿನ ನಡುವೆ ಇಡುತ್ತಾನೆ. ಇನ್ನು ಮುಂದಿನ ಮಾತೆಲ್ಲ ಆ ಅಂಕಿಯ ಸುತ್ತಲೇ. ಸಲಹೆಗಾರ ಹೇಳುವುದರಲ್ಲಿ ಅತ್ಯಂತ ಬೆಲೆಬಾಳುವುದು ಇದೊಂದೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ‘ಒಳ್ಳೇ ರೇಟು’ ಎಂಬ ಮಾತಿಗೆ ಅರ್ಥ ಬರುವುದು ಖರ್ಚು ಗೊತ್ತಿದ್ದಾಗ ಮಾತ್ರ.

ಅಂದು ಡಿಸೆಂಬರ್ ವಾಯಿದೆ 4.60 ಇದೆ ಎನ್ನೋಣ. ಊರಿನ ಬೇಸಿಸ್ ಸುಗ್ಗಿಯಲ್ಲಿ ಸಾಮಾನ್ಯವಾಗಿ 30 ಸೆಂಟ್ಸ್ ಕಡಿಮೆ. ಅಂದರೆ ಕೈಗೆ 4.30, ಖರ್ಚು ಕಳೆದು 20 ಸೆಂಟ್ಸ್ ಉಳಿಕೆ. ದೊಡ್ಡ ಲಾಭವಲ್ಲ, ನಷ್ಟವೂ ಅಲ್ಲ. ಒಂದು ಲಕ್ಷ ಬುಷೆಲ್‌ನಲ್ಲಿ 20,000 ಬುಷೆಲ್ ಅಂದರೆ ನಾಲ್ಕು ಕರಾರು ಮಾರಿಡೋಣ ಎಂದು ತೀರ್ಮಾನವಾಗುತ್ತದೆ. ಅಕ್ಟೋಬರ್‌ಗೆ ಷಿಕಾಗೋ 3.90ಕ್ಕೆ ಇಳಿದರೆ ರೈತ ಊರಲ್ಲಿ ಜೋಳವನ್ನು 3.60ಕ್ಕೆ ಹಾಕುತ್ತಾನೆ, 4.60ಕ್ಕೆ ಮಾರಿದ್ದ ಕರಾರನ್ನು 3.90ಕ್ಕೆ ಮರಳಿ ಕೊಂಡು 70 ಸೆಂಟ್ಸ್ ಗಳಿಸುತ್ತಾನೆ. ಒಟ್ಟು 4.30. ದರ ಏರಿ 5.40 ಆಯಿತು ಎನ್ನಿ: ಊರಲ್ಲಿ 5.10 ಸಿಗುತ್ತದೆ, ಕರಾರಿನಲ್ಲಿ 80 ಸೆಂಟ್ಸ್ ಹೋಗುತ್ತದೆ. ಆಗಲೂ 4.30. ಇದಕ್ಕೆ ಹೆಡ್ಜಿಂಗ್ ಎನ್ನುತ್ತಾರೆ, ಬೆಲೆಗೆ ಬೇಲಿ ಹಾಕುವುದು. ಬೇಲಿ ಎರಡೂ ಕಡೆ ತಡೆಯುತ್ತದೆ ಎಂಬುದನ್ನು ಒಪ್ಪಿಕೊಂಡವರು ಮಾತ್ರ ಹಾಕಬೇಕು.

ಕಾಗದದ ಮೇಲೆ ಇದು ಸಲೀಸು. ಜುಲೈ ತಿಂಗಳಲ್ಲಿ ಮಳೆ ಕೈಕೊಟ್ಟು ದರ 5.40ಕ್ಕೆ ಜಿಗಿದಾಗ ಏನಾಗುತ್ತದೆ ನೋಡಿ. ಜೋಳ ಇನ್ನೂ ಹೊಲದಲ್ಲಿ ಸೂಲಂಗಿ ಹಾಕಿ ನಿಂತಿದೆ. ಒಂದು ಕಾಳೂ ಮಾರಿಲ್ಲ, ಒಂದು ಕಾಸೂ ಬಂದಿಲ್ಲ. ಆದರೆ ಕರಾರಿನ ನಷ್ಟವನ್ನು ಅಂದಂದೇ ತುಂಬಬೇಕು: 20,000 ಬುಷೆಲ್‌ಗೆ 80 ಸೆಂಟ್ಸ್ ಎಂದರೆ 16,000 ಡಾಲರ್. ಮಾರ್ಜಿನ್ ಕಟ್ಟಿ, ಅಂದರೆ ಆ ನಷ್ಟ ತುಂಬುವ ಹಣ ಕಟ್ಟಿ, ಎಂದು ಬ್ರೋಕರ್ ಫೋನ್ ಮಾಡುತ್ತಾನೆ. ಗಂಡ ಹೆಂಡತಿ ರಾತ್ರಿ ನಿದ್ದೆಗೆಡುವುದು ಆವಾಗ. ‘ಇನ್ನೂ ಏರಬಹುದು, ಬಿಡಿಸಿಬಿಡಿ’ ಎಂದು ಹೆದರಿ ಕರಾರನ್ನು ಅರ್ಧಕ್ಕೇ ಮುರಿದು, ಮರುವಾರ ಮಳೆ ಬಂದು ದರ ಕುಸಿದಾಗ ಎರಡೂ ಕಡೆ ಕಳೆದುಕೊಂಡವರು ಅಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಅದಕ್ಕೇ ತಿಳಿದ ಸಲಹೆಗಾರ ಕರಾರು ಮಾಡುವ ಮೊದಲೇ ರೈತನ ಬ್ಯಾಂಕಿನವರನ್ನು ಕಂಡು, ಮಾರ್ಜಿನ್‌ಗೆಂದೇ ಪ್ರತ್ಯೇಕ ಸಾಲದ ಮಿತಿ ಮಾಡಿಸಿಡುತ್ತಾನೆ. ಅದು ಆಗದಿದ್ದರೆ ಬೇರೆ ದಾರಿ ಹಿಡಿಯುತ್ತಾನೆ: ಎಲಿವೇಟರ್ ಜೊತೆಗೇ ನೇರ ಮುಂಗಡ ಒಪ್ಪಂದ. ಅದರಲ್ಲಿ ಮಾರ್ಜಿನ್ ತಲೆನೋವು ಎಲಿವೇಟರ್‌ನವರದ್ದು, ಆದರೆ ಹೇಳಿದಷ್ಟು ಜೋಳ ಕೊಡಲೇಬೇಕು.

ಇನ್ನೊಂದು ದಾರಿ ಪುಟ್ ಆಪ್ಷನ್. ವಿಮೆಯ ಕಂತಿನ ಹಾಗೆ ಬುಷೆಲ್‌ಗೆ ಒಂದಿಷ್ಟು ಸೆಂಟ್ಸ್ ಕಟ್ಟಿದರೆ ಇಂಥ ದರಕ್ಕಿಂತ ಕೆಳಗೆ ಬೀಳದ ಹಾಗೆ ನೆಲ ಸಿಗುತ್ತದೆ, ಮೇಲಕ್ಕೆ ಏರುವ ದಾರಿ ತೆರೆದೇ ಇರುತ್ತದೆ. ಕಟ್ಟಿದ ಕಂತು ವಾಪಸು ಬರುವುದಿಲ್ಲ. ದುಬಾರಿ ಎಂದು ರೈತರು ಗೊಣಗುತ್ತಾರೆ, ಅದು ನಿಜವೂ ಹೌದು.

ಇಡೀ ಬೆಳೆಯನ್ನು ಫೆಬ್ರುವರಿಯಲ್ಲೇ ಯಾಕೆ ಮಾರಿಬಿಡಬಾರದು ಎಂದು ನಾನು ಕೇಳಿದ್ದೆ. ಆ ರೈತ ಕಿಟಕಿಯಾಚೆ ಕೈ ತೋರಿಸಿ 2020ರ ಆಗಸ್ಟ್ 10ನ್ನು ನೆನಪಿಸಿಕೊಂಡರು. ಅಂದು ಅಯೋವಾದ ನಡುಭಾಗದ ಮೇಲೆ ಬೀಸಿದ ಬಿರುಗಾಳಿ ತೆನೆಗಟ್ಟಿದ್ದ ಜೋಳವನ್ನು ಚಾಪೆ ಹಾಸಿದಂತೆ ಮಲಗಿಸಿತ್ತು, ತಗಡಿನ ಕಣಜಗಳನ್ನು ಕಾಗದದ ಹಾಗೆ ಮುದುಡಿಹಾಕಿತ್ತು. ಮಾರಿಟ್ಟ ಜೋಳ ಬೆಳೆಯದೇ ಹೋದರೆ? ಇಲ್ಲಿ ಬೆಳೆ ವಿಮೆ ಕೈ ಹಿಡಿಯುತ್ತದೆ. ಡಿಸೆಂಬರ್ ವಾಯಿದೆಯ ಫೆಬ್ರುವರಿ ತಿಂಗಳ ಸರಾಸರಿ ದರವೇ ವಿಮೆಯ ಆರಂಭದ ದರ. ಅಕ್ಟೋಬರ್ ಸರಾಸರಿ ಸುಗ್ಗಿಯ ದರ. ಆದಾಯ ವಿಮೆ ತೆಗೆದುಕೊಂಡವರ ಖಾತರಿಯನ್ನು ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಇಳುವರಿಯ ಶೇ 80ಕ್ಕೆ ವಿಮೆ ಮಾಡಿಸಿದವನಿಗೆ ಎಕರೆಗೆ 160 ಬುಷೆಲ್ ಆಸರೆ ಇದೆ. ಆ ಮಿತಿಯೊಳಗೆ, ಅದಕ್ಕೂ ಸಾಕಷ್ಟು ಕೆಳಗೇ ನಿಂತು, ಸುಗ್ಗಿಗೆ ಮೊದಲಿನ ಮಾರಾಟ ಮಾಡಿದರೆ ಬೆಳೆ ಹೋದರೂ ಕರಾರಿನ ಹೊಡೆತ ತಡೆದುಕೊಳ್ಳಬಹುದು. ವಿಮೆಯನ್ನೂ ಮಾರಾಟವನ್ನೂ ಒಂದೇ ಹಾಳೆಯಲ್ಲಿ ಬರೆಯುವವನು ಕಸುಬು ಬಲ್ಲ ಸಲಹೆಗಾರ. ಎರಡನ್ನೂ ಬೇರೆ ಬೇರೆ ಕಡತದಲ್ಲಿ ಇಡುವವನ ಸಹವಾಸ ಬೇಡ.

ಆಮೇಲೆ ವರ್ಷ ತನ್ನ ಪಾಡಿಗೆ ಉರುಳುತ್ತದೆ. ಮಾರ್ಚ್ ಕೊನೆಗೆ ಅಮೆರಿಕದ ಕೃಷಿ ಇಲಾಖೆ ಯಾರು ಎಷ್ಟು ಬಿತ್ತಲಿದ್ದಾರೆ ಎಂಬ ವರದಿ ಕೊಡುತ್ತದೆ, ಜೂನ್ ಕೊನೆಗೆ ಎಷ್ಟು ಬಿತ್ತಿದ್ದಾರೆ ಎಂಬುದು. ಪ್ರತಿ ತಿಂಗಳು ಜಗತ್ತಿನ ಬೇಡಿಕೆ–ಪೂರೈಕೆಯ ಅಂದಾಜು ಬರುತ್ತದೆ. ಅಯೋವಾದ ಗಡಿಯಾರದಲ್ಲಿ ಬೆಳಿಗ್ಗೆ 11 ಗಂಟೆಗೆ. ಆ ನಿಮಿಷ ಟ್ರ್ಯಾಕ್ಟರ್ ನಿಲ್ಲಿಸಿ ಮೊಬೈಲ್ ನೋಡುವವರು ಅನೇಕರು. ಮೇ, ಜೂನ್ ತಿಂಗಳುಗಳಲ್ಲಿ ಮಳೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೇ ದರದಲ್ಲಿ ಒಂದಿಷ್ಟು ಹೆಚ್ಚುವರಿ ಸೇರಿಕೊಳ್ಳುತ್ತದೆ. ಮಳೆ ಬಂದರೆ ಆ ಹೆಚ್ಚುವರಿ ಕರಗಿಹೋಗುತ್ತದೆ. ಮಾರಬೇಕಾದ ಹೊತ್ತು ಬಹುತೇಕ ವರ್ಷಗಳಲ್ಲಿ ಅದೇ. ಆದರೆ ರೈತನ ಮನಸ್ಸು ಮಾರಲು ಒಪ್ಪದ ಹೊತ್ತೂ ಅದೇ! ಹೊಲ ಒಣಗುತ್ತಿರುವಾಗ, ಬೆಳೆ ಬರುತ್ತದೆಂಬ ಧೈರ್ಯವೇ ಇಲ್ಲದಿರುವಾಗ, ಇರುವುದನ್ನು ಮಾರು ಎಂದರೆ ಯಾರ ಕೈ ಏಳುತ್ತದೆ? ಪೇಟೆಯಲ್ಲಿ ಕೂತ ವಿಶ್ಲೇಷಕ ಇದನ್ನು ಭಾವುಕತೆ ಎಂದು ತಳ್ಳಿಹಾಕುತ್ತಾನೆ. ಒಣ ಹೊಲದ ಬದುವಿನಲ್ಲಿ ಅಪ್ಪ ಸುಮ್ಮನೆ ನಿಂತದ್ದನ್ನು ಕಂಡವನು ಹಾಗೆ ತಳ್ಳುವುದಿಲ್ಲ. ಅವನು ಫೆಬ್ರುವರಿಯಲ್ಲೇ, ಮನಸ್ಸು ತಣ್ಣಗಿರುವಾಗಲೇ, 4.90 ಬಂದರೆ ಬೆಳೆಯ ಇನ್ನು ಶೇ 10 ಭಾಗ, 5.20 ಬಂದರೆ ಮತ್ತೆ ಶೇ 10 ಎಂದು ಬರೆಸಿಕೊಂಡು ಸಹಿ ಹಾಕಿಸಿರುತ್ತಾನೆ. ಜೂನ್‌ನಲ್ಲಿ ಫೋನ್ ಮಾಡಿ ನೆನಪಿಸುವುದಷ್ಟೇ ಅವನ ಕೆಲಸ.

ಕಣಜದ ಲೆಕ್ಕ ಇನ್ನೂ ಸೂಕ್ಷ್ಮ. ಸುಗ್ಗಿಯಲ್ಲಿ ಡಿಸೆಂಬರ್ ವಾಯಿದೆ 3.90, ಮುಂದಿನ ಜುಲೈ 4.20 ಇದೆ ಎನ್ನೋಣ. ಕಾದರೆ 30 ಸೆಂಟ್ಸ್ ಹೆಚ್ಚು ಕೊಡುತ್ತೇನೆ ಎಂದು ಮಾರುಕಟ್ಟೆಯೇ ಹೇಳುತ್ತಿದೆ. ಎಲಿವೇಟರ್‌ನಲ್ಲಿಟ್ಟು ತಿಂಗಳಿಗೆ ಬುಷೆಲ್‌ಗೆ 5 ಸೆಂಟ್ಸ್ ಬಾಡಿಗೆ ಕೊಟ್ಟರೆ ಏಳು ತಿಂಗಳಿಗೆ 35 ಸೆಂಟ್ಸ್, ಕಾದದ್ದು ದಂಡ. ಮನೆಯ ಕಣಜದಲ್ಲಿಟ್ಟರೆ ಮುಖ್ಯ ಖರ್ಚು ಬಡ್ಡಿ. 3.60ರ ಜೋಳಕ್ಕೆ ಶೇ 8ರ ಬಡ್ಡಿಯಲ್ಲಿ ಏಳು ತಿಂಗಳಿಗೆ ಸುಮಾರು 17 ಸೆಂಟ್ಸ್. ಗಾಳಿ ಹಾಯಿಸುವ ಕರೆಂಟು, ಹುಳುವಿನ ಕಾಟ ಕಳೆದರೂ ಒಂದಿಷ್ಟು ಉಳಿಯುತ್ತದೆ, ಬೇಸಿಗೆಯಲ್ಲಿ ಬೇಸಿಸ್ ಸುಧಾರಿಸಿದರೆ ಅದೂ ಸೇರುತ್ತದೆ. ಆದರೆ ಜುಲೈ ಕರಾರನ್ನು ಸುಗ್ಗಿಯಲ್ಲೇ ಮಾರಿದವನಿಗೆ ಮಾತ್ರ ಆ 30 ಸೆಂಟ್ಸ್ ಖಾತರಿ. ಬೀಗ ಹಾಕಿ ಸುಮ್ಮನೆ ಕೂತವನದು ದಾಸ್ತಾನು ಅಷ್ಟೇ, ಮಾರಾಟವಲ್ಲ.

ಸಲಹೆಗಾರರನ್ನು ಆಯ್ದುಕೊಳ್ಳುವ ಬಗ್ಗೆ ಅಲ್ಲಿಯವರು ಪೆಟ್ಟು ತಿಂದು ಕಲಿತಿದ್ದಾರೆ. 1996ರಲ್ಲಿ ಮೆಕ್ಕೆಜೋಳ 5 ಡಾಲರ್ ದಾಟಿದಾಗ, ಅದಕ್ಕಿಂತ ಎಷ್ಟೋ ಕಡಿಮೆ ದರಕ್ಕೆ ಕರಾರು ಮಾಡಿಕೊಂಡಿದ್ದವರು ಜೋಳ ಕೊಟ್ಟು ಕೈತೊಳೆದುಕೊಳ್ಳುವ ಬದಲು ಕರಾರನ್ನು ಮುಂದಿನ ವರ್ಷಗಳಿಗೆ ಉರುಳಿಸುತ್ತಾ ಹೋದರು. ಕೈಯಲ್ಲಿದ್ದ ಜೋಳವನ್ನು ಹೆಚ್ಚಿನ ದರಕ್ಕೆ ಮಾರಿಕೊಂಡು, ಕರಾರನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಸಲಹೆ ಆಗ ಜಾಣತನ ಎನಿಸಿತ್ತು. ಹೊಸ ಬೆಳೆಯ ದರ ಹಳೆ ಬೆಳೆಗಿಂತ ಬಹಳ ಕೆಳಗಿದ್ದದ್ದರಿಂದ ಪ್ರತಿ ಉರುಳಿಕೆಯಲ್ಲೂ ನಷ್ಟ ಬೆಳೆಯಿತು. ರೈತರು, ಎಲಿವೇಟರ್‌ಗಳು ಕೋರ್ಟು ಹತ್ತಬೇಕಾಯಿತು. ಆಸೆಯ ಇನ್ನೊಂದು ಮುಖ 2012ರದ್ದು. ಬರಗಾಲದಿಂದ ಆ ಆಗಸ್ಟ್‌ನಲ್ಲಿ ದರ 8 ಡಾಲರ್ ಮೀರಿತ್ತು. ಅದು ಮತ್ತೆ ಬರುತ್ತದೆಂದು ಕಣಜ ಕಾದವರು 2014ರ ಸುಗ್ಗಿಯಲ್ಲಿ ಅರ್ಧಕ್ಕೂ ಕಡಿಮೆ ದರ ಕಂಡರು.

ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 1990ರ ದಶಕದ ನಡುವಿನಿಂದ ಹಲವು ವರ್ಷ ಇಂಥ ಸಲಹಾ ಸೇವೆಗಳ ಹಿಂದೆ ಬಿದ್ದು, ಅವು ಹೇಳಿದ ಹಾಗೇ ಮಾರಿದ್ದರೆ ಎಷ್ಟು ಸಿಗುತ್ತಿತ್ತು ಎಂದು ಲೆಕ್ಕ ಹಾಕಿದರು. ಒಟ್ಟಾರೆಯಾಗಿ ಮಾರುಕಟ್ಟೆಯ ಸರಾಸರಿಯನ್ನು ಸಲಹೆಗಾರರು ಗಣನೀಯವಾಗಿ ಮೀರಿದರು ಎನ್ನಲು ಬಲವಾದ ಆಧಾರ ಸಿಗಲಿಲ್ಲ. ಹೋದ ವರ್ಷ ಗೆದ್ದವರು ಈ ವರ್ಷವೂ ಗೆಲ್ಲುತ್ತಾರೆ ಎಂಬ ಭರವಸೆಯೂ ಇಲ್ಲ. ಇದನ್ನು ಓದಿ ಹಾಗಾದರೆ ಸಲಹೆಗಾರ ಯಾಕೆ ಎನ್ನಬಹುದು. ನನ್ನ ಮಟ್ಟಿಗೆ ಉತ್ತರ ಆ ಮೇಜಿನ ಮೇಲೇ ಇತ್ತು. ನಾಳೆಯ ದರ ಹೇಳುತ್ತೇನೆಂದು ಬರುವವನಿಗೆ ದುಡ್ಡು ಕೊಡುವುದು ವ್ಯರ್ಥ. ಖರ್ಚಿನ ಲೆಕ್ಕ ಮಾಡಿಸಿ, ತುಂಡು ತುಂಡಾಗಿ ಮಾರಿಸಿ, ಹೆದರಿಕೆಯ ದಿನ ಫೋನ್ ಎತ್ತುವವನಿಗೆ ಕೊಟ್ಟದ್ದು ಕೂಲಿಯೇ.

ಕೇಳಬೇಕಾದ ಪ್ರಶ್ನೆಗಳೂ ಸರಳ. ನಿನಗೆ ಹಣ ಎಲ್ಲಿಂದ ಬರುತ್ತದೆ? ಎಕರೆಗೆ ಇಂತಿಷ್ಟು ಎಂದು ವಾರ್ಷಿಕ ಶುಲ್ಕ ತೆಗೆದುಕೊಳ್ಳುವವರಿದ್ದಾರೆ, ಪ್ರತಿ ಕರಾರಿಗೂ ಕಮಿಷನ್ ತೆಗೆದುಕೊಳ್ಳುವವರಿದ್ದಾರೆ. ಎರಡನೆಯವನಿಗೆ ವಹಿವಾಟು ಹೆಚ್ಚಿದಷ್ಟೂ ಲಾಭ, ಅದು ರೈತನ ನೆನಪಿನಲ್ಲಿರಬೇಕು. ನನ್ನ ಜೋಳವನ್ನು ನೀನೇ ಕೊಳ್ಳುತ್ತೀಯಾ? ಕೊಳ್ಳುವವನಾದರೆ ಅವನು ವ್ಯಾಪಾರಿ, ಸಲಹೆಗಾರನಲ್ಲ. ನೋಂದಣಿ ಇದೆಯಾ? ವಾಯಿದಾ ವಹಿವಾಟಿನಲ್ಲಿ ಹಣ ಪಡೆದು ಸಲಹೆ ಕೊಡುವವರು ಸಾಮಾನ್ಯವಾಗಿ ಅಲ್ಲಿನ ಸರಕು ವಾಯಿದಾ ಆಯೋಗದಲ್ಲಿ ನೋಂದಾಯಿಸಿಕೊಂಡು, ರಾಷ್ಟ್ರೀಯ ಫ್ಯೂಚರ್ಸ್ ಸಂಘದ ಸದಸ್ಯರಾಗಬೇಕು. ಹೆಸರು ಹಾಕಿದರೆ ಅವರ ಮೇಲೆ ಶಿಸ್ತುಕ್ರಮ ಆಗಿದೆಯೇ ಎಂಬುದು ಸಾರ್ವಜನಿಕವಾಗಿ ಸಿಗುತ್ತದೆ. ಒಕ್ಕಲು ಮನೆಯವನು ಎಂಬ ಒಂದೇ ಕಾರಣಕ್ಕೆ ಯಾರೂ ಯಾರನ್ನೂ ನಂಬಬೇಕಿಲ್ಲ.

ನಮ್ಮ ಕಡೆ ಈ ಸ್ಥಾನದಲ್ಲಿ ಇರುವವರು ದಲಾಲಿ ಅಂಗಡಿಯ ಸಾಹುಕಾರರು. ಬೀಜ ಗೊಬ್ಬರಕ್ಕೆ ಮುಂಗಡ ಕೊಡುವವರೂ ಅವರೇ, ಯಾವಾಗ ತರಬೇಕೆಂದು ಹೇಳುವವರೂ ಅವರೇ, ಮಾಲು ಇಳಿಸಿಕೊಂಡು ಟೆಂಡರ್‌ಗೆ ಹಾಕಿಸುವವರೂ ಅವರೇ. ಕಷ್ಟಕ್ಕೆ ಆದವರು ಎಷ್ಟೋ ಮಂದಿ, ಅದನ್ನು ಮರೆಯಬಾರದು. ಆದರೆ ಸಾಲ ಕೊಟ್ಟವರು ‘ಈಗ್ಲೇ ಹಾಕಿಬಿಡ್ರಿ ಗೌಡ್ರೆ, ನಾಳಿಕ್ಕೆ ಇಳೀತೈತಿ’ ಎಂದಾಗ ಅದು ಸಲಹೆಯೋ ವಸೂಲಿಯೋ ಹೇಳುವುದು ಕಷ್ಟ. ವಾಯಿದಾ ಪೇಟೆಯ ದಾರಿಯೂ ನಮ್ಮಲ್ಲಿ ಕಿರಿದು. 2021ರ ಡಿಸೆಂಬರ್‌ನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಭತ್ತ, ಗೋಧಿ, ಕಡಲೆ, ಸೋಯಾ, ಸಾಸಿವೆ, ಹೆಸರು, ಕಚ್ಚಾ ತಾಳೆ ಎಣ್ಣೆಯ ವಾಯಿದಾ ವಹಿವಾಟನ್ನು ನಿಲ್ಲಿಸಿತು. ಐದೆಕರೆಯವನಿಗೆ 127 ಟನ್ನಿನ ಕರಾರು ಹೇಗೂ ಹೊಂದುವುದಿಲ್ಲ. ಮೆಕ್ಕೆಜೋಳಕ್ಕೆ 2025–26ರಲ್ಲಿ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಸುಗ್ಗಿಯಲ್ಲಿ ಹಾವೇರಿ, ಗದಗ ಕಡೆಯ ರೈತರು ಬೀದಿಗಿಳಿದದ್ದು ಪೇಟೆಯಲ್ಲಿ ಅದರ ಹತ್ತಿರಕ್ಕೂ ದರ ಬಾರದೆ. ಷಿಕಾಗೋ ಇಲ್ಲದೆಯೂ ಆಗುವ ಕೆಲಸ ಎರಡಿವೆ: ಗೋದಾಮಿನಲ್ಲಿ ಮಾಲು ಒತ್ತೆಯಿಟ್ಟು ಅಡಮಾನ ಸಾಲ ತೆಗೆದು ತುರ್ತು ಖರ್ಚು ನೀಗಿಸಿಕೊಂಡು ಕಂತಿನಲ್ಲಿ ಮಾರುವುದು ಒಂದು. ಇನ್ನೊಂದಕ್ಕೆ ಪೆನ್ನು ಹಾಳೆ ಸಾಕು.

ಊರಿಗೆ ಮರಳಿದ ಮೇಲೆ ಅಪ್ಪನ ಹಳೆ ನೋಟ್‌ಬುಕ್ ತೆಗೆದೆ. 2014ರ ಮುಂಗಾರು. ಬೀಜದ ಪಾಕೀಟು, ಡಿಎಪಿ, ಯೂರಿಯಾ, ಎಡೆ ಹೊಡೆದದ್ದು, ಕಳೆ ಆಳು, ತೆನೆ ಮುರಿದ ಕೂಲಿ, ಒಕ್ಕಣೆ ಯಂತ್ರದ ಬಾಡಿಗೆ, ಚೀಲ, ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ. ಒಂದು ಚಹದ ಕಾಸೂ ಬಿಡದೆ ಅಪ್ಪ ಬರೆದಿಟ್ಟಿದ್ದರು. ಕೂಡಿಸಿಯೂ ಇದ್ದರು. ಭಾಗಿಸಿರಲಿಲ್ಲ. ಅದೇ ಪುಟದ ಕೆಳಗೆ ನಾನು ಒಟ್ಟು ಖರ್ಚನ್ನು ಬೆಳೆದ ಕ್ವಿಂಟಲ್‌ಗಳಿಂದ ಭಾಗಿಸಿದೆ. 1,180 ರೂಪಾಯಿ ಬಂತು. ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಪಿನ್ನು ಹಾಕಿದ್ದ ದಲಾಲಿ ಅಂಗಡಿಯ ಪಟ್ಟಿಯಲ್ಲಿ ದರ 1,060 ಇತ್ತು, ಒಂದೇ ದಿನ, ಅಷ್ಟೂ ಮಾಲು. ಅಪ್ಪ ಕನ್ನಡಕ ಹಾಕಿಕೊಂಡು ಎರಡೂ ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ಇಸಿದುಕೊಂಡು, ಪುಟ ತಿರುವಿ, ಈ ವರ್ಷದ ಬಿತ್ತನೆಯ ಖರ್ಚನ್ನು ಮೊದಲಿನಿಂದ ಓದಿ ಹೇಳು ಎಂದರು.